ನಾನು ಅಂದರೆ ಸಾಲದು

ರಾತ್ರಿ ಎಂಟೂವರೆಗೆ ನೆಟ್ ಶುರು.
ಈ ತಿಂಗಳು ನಡೆಸುವ ಪಾಳಿ ನನ್ನದು.
ಬೋಳಾರದ ಮಹಡಿಯ ಕಿಟಕಿ ತೆರೆದಿಟ್ಟು
ಗುಂಡಿ ಒತ್ತಿ, ಒಂದುಸಿರು ಕಾದು,
ಕರೆಸಂಕೇತ ಹೇಳುತ್ತೇನೆ:
ವಿ, ಯು, ಮೂರು,
ಆಮೇಲೆ ನನ್ನ ಮೂರಕ್ಷರ.

ಹೇಳುವ ಮೊದಲೇ ಅದು ಎಲ್ಲರಿಗೂ ಗೊತ್ತು.
ಡಿಜಿಟಲ್ ಸೆಟ್ಟು ದನಿಗಿಂತ ಮುಂಚೆ
ನನ್ನ ನಂಬರನ್ನು ಓಡಿಸಿಬಿಟ್ಟಿರುತ್ತದೆ.
ಬೆಂಗ್ರೆಯ ಇದಿನಬ್ಬರ ಅಂಗೈಯಲ್ಲಿ,
ಮೂಲ್ಕಿಯ ದಯಾವತಿ ಟೀಚರ ಅಡುಗೆಕಟ್ಟೆಯಲ್ಲಿ,
ಪುಟ್ಟ ಪರದೆಗಳ ಮೇಲೆ
ನಾನು ಆಗಲೇ ಬಂದು ಕೂತಾಗಿದೆ.

"ಮತ್ತೆ ಬಾಯಲ್ಲಿ ಯಾಕಕ್ಕ?"
ಸುರತ್ಕಲ್ಲಿನ ಹಾಸ್ಟೆಲ್ ಹುಡುಗ,
ಲೈಸೆನ್ಸ್ ಬಂದು ಹದಿನೆಂಟು ದಿನ.

ನಿಯಮ ಉಂಟು ಮಾರಾಯ, ಅಂದೆ.
ಶುರುವಿಗೊಮ್ಮೆ, ಮುಗಿಸುವಾಗೊಮ್ಮೆ,
ಮಾತು ಉದ್ದವಾದರೆ ಕಾಲು ಗಂಟೆಗೊಮ್ಮೆ.
ಯಾಕೆ ಅಂತ ಬರೆದದ್ದು ನಾನು ನೋಡಿಲ್ಲ.

ಬೆಳಿಗ್ಗೆ ಓಣಿಗೆ ಸೇಸಕ್ಕ ಬರುತ್ತಾಳೆ.
ಬಂಗುಡೆಯ ವಾಸನೆ ಅವಳಿಗಿಂತ ಹತ್ತು ಹೆಜ್ಜೆ ಮುಂದೆ,
ಬೆಕ್ಕುಗಳು ಆಗಲೇ ಗೇಟಿನ ಹತ್ತಿರ.
ಆದರೂ ಕೂಗುತ್ತಾಳೆ.
ಬೆಕ್ಕಿಗೆ ವಾಸನೆ ಸಾಕು.

ನನಗೆ ಇದನ್ನೆಲ್ಲ ಕಲಿಸಿದ್ದು
ಜೆಪ್ಪುವಿನ ಸಿಪ್ರಿಯನ್ ಲಸ್ರಾದೊ ಮಾಸ್ಟರು,
ಬಂದರಿನಲ್ಲಿ ಬೋಟುಗಳ ವಯರ್‌ಲೆಸ್ ರಿಪೇರಿ ಮಾಡುತ್ತಿದ್ದವರು,
ಬೆಸುಗೆ ಕಡ್ಡಿಯ ತುದಿಯಲ್ಲೇ ಗದರುತ್ತಿದ್ದವರು:
"ಬಾಗಿಲು ತಟ್ಟಿದವರನ್ನು ಯಾರು ಅಂತ ಕೇಳಿ ನೋಡು,
ಎಲ್ಲರೂ ‘ನಾನು’ ಅನ್ನುತ್ತಾರೆ.
ಮನೆಯೊಳಗೆ ಅದು ನಡೆಯುತ್ತದೆ.
ಗಾಳಿಯ ತುಂಬ ಬರೇ ನಾನುಗಳೇ.
ನೀನು ಎಂಥ ನಾನು, ಅದನ್ನು ಹೇಳು."

ಹೋದ ಅಕ್ಟೋಬರಿನಲ್ಲಿ
ಅವರ ಗಂಟಲಿನ ಪೆಟ್ಟಿಗೆ ತೆಗೆದರು.
ಈಗ ಕುತ್ತಿಗೆಗೊಂದು ತೂತು, ತೂತಿಗೊಂದು ಬಿಳಿ ಬಟ್ಟೆ.

ಆಸ್ಪತ್ರೆಯಿಂದ ಬಂದ ನಾಲ್ಕನೇ ರಾತ್ರಿ
ಪರದೆಯ ಮೇಲೆ ಲಸ್ರಾದೊ, ಜೆಪ್ಪು.
ದನಿಯಿಲ್ಲ. ಆಮೇಲೆ ಎಂಥದೋ ಒಂದು,
ಕೆಸರಿನಲ್ಲಿ ಸಿಕ್ಕಿದ ಕಪ್ಪೆಯ ಹಾಗೆ.
ಮೂರು ಸಲ ಕೇಳಿ ಗೊತ್ತಾಯಿತು:
ಮೋರ್ಸ್ ಕಟ್ಟೆಯನ್ನು ಮೈಕಿನ ಬಾಯಿಗೆ ಹಿಡಿದು
ನಲವತ್ತು ವರ್ಷದ ಕೈ
ತನ್ನ ಹೆಸರು ಕುಟ್ಟುತ್ತಿತ್ತು.

ಸೆಟ್ಟಿನೊಳಗಿನ ಚಿಪ್ಪಿಗೆ ಗೊತ್ತಿರುವುದು ಕೊರಳು ಮಾತ್ರ.
ಕೊರಳನ್ನು ಅರೆದು ಹಿಟ್ಟು ಮಾಡಿ ಕಳಿಸುತ್ತದೆ,
ಆ ಕಡೆಯ ಚಿಪ್ಪು ಕಲಸಿ ಮತ್ತೆ ಕೊರಳು ಮಾಡುತ್ತದೆ.
ಕಡ್ಡಿಯಂತೆ ನೆಟ್ಟಗಿನ ಕೂಗು
ಅದರ ಒರಳಿಗೆ ಒಗ್ಗುವುದಿಲ್ಲ.
ಅವರಿಗೂ ಗೊತ್ತಾಗಿರಬೇಕು. ನಿಲ್ಲಿಸಿದರು.

ಅಂದಿನಿಂದ ಎಂಟೂವರೆಗೆ ಸರಿಯಾಗಿ
ಅವರ ಹೆಸರು ಹತ್ತಿ ಆರುತ್ತದೆ, ಎರಡು ಸಲ.

"ಅಕ್ಕ, ಅವರು ಹೇಳಲೇ ಇಲ್ಲ," ಅಂದ ಹುಡುಗ.
ತಪ್ಪು ಹಿಡಿಯುವ ದನಿಯಲ್ಲ, ಸುಮ್ಮನೆ ಕೇಳಿದ್ದು.

ನಾನು ಗುಂಡಿ ಒತ್ತಿದೆ.
ನನ್ನದನ್ನು ಹೇಳಿದೆ.
ಅದರ ಬೆನ್ನಿಗೆ ಅವರದನ್ನು,
ಅಕ್ಷರ ಅಕ್ಷರ ಬಿಡಿಸಿ, ಅವರೇ ಕಲಿಸಿದ ಹಾಗೆ,
ಕೊನೆಯ ಅಕ್ಷರವನ್ನು ನುಂಗದೆ.

ಇದು ನಿಯಮಕ್ಕೆ ಸಾಲುತ್ತದೋ ಇಲ್ಲವೋ,
ದೆಹಲಿಗೆ ಪತ್ರ ಬರೆದು ಕೇಳಿಲ್ಲ.
ಕೇಳುವುದೂ ಇಲ್ಲ.

ಕಾಲು ಗಂಟೆಗೆ ದಯಾವತಿ ಟೀಚರು ಹೇಳುತ್ತಾರೆ.
ಅರ್ಧ ಗಂಟೆಗೆ ಇದಿನಬ್ಬರು,
ಅವರ ಬ್ಯಾರಿ ಬಾಯಲ್ಲಿ ಆ ಅಕ್ಷರಗಳಿಗೆ ಸ್ವಲ್ಪ ಉಪ್ಪು.
ನೆಟ್ ಮುಚ್ಚುವ ಸರದಿಯನ್ನು ಹುಡುಗ ಕೇಳಿ ತೆಗೆದುಕೊಂಡಿದ್ದಾನೆ,
ಎರಡಕ್ಷರ ತಪ್ಪಿಸಿ, ಸರಿಮಾಡಿ, ಮತ್ತೆ ಹೇಳುತ್ತಾನೆ.

ನಿನ್ನೆ ಮುಗಿಸುವಾಗ
ಜೆಪ್ಪುವಿನ ದೀಪ ಇನ್ನೂ ಹತ್ತಿಯೇ ಇತ್ತು.
ಬೆರಳು ತೆಗೆಯಲು ಮರೆತರೋ ಏನೋ.
ನೇತ್ರಾವತಿ ಸೇತುವೆಯ ಮೇಲೆ ರೈಲು ಹೋಗುವ ಹೊತ್ತು.
ಆ ಸದ್ದನ್ನು ಚಿಪ್ಪು ಏನೆಂದು ತಿಳಿಯಿತೋ,
ಕೊರಳೇ ಅಂದುಕೊಂಡಿತು ಕಾಣುತ್ತದೆ,
ಯಾರೋ ಮುದುಕರು ದೂರದಲ್ಲಿ
ಮಾತು ಶುರುಮಾಡಿದ ಹಾಗೆ
ನಮ್ಮ ನಾಲ್ಕೂ ಮನೆಯಲ್ಲಿ ಕೇಳಿಸಿತು.

ಯಾರೂ ನಡುವೆ ಬಾಯಿ ಹಾಕಲಿಲ್ಲ.